ಜಾವಾ ಕೊಟ್ಟ ನಂಬರ್‌ಗೆ ಜಾವಾಸ್ಕ್ರಿಪ್ಟ್ ಕಾಲ್ ಮಾಡಿದ್ದು ಹೇಗೆ?

ಕಾಲೇಜ್ ಫೆಸ್ಟ್ ಲೆಕ್ಕಕ್ಕೋ, ಟ್ರಿಪ್ ಖರ್ಚು ಹಂಚೋದಕ್ಕೋ ಗೂಗಲ್ ಶೀಟ್ಸ್ ಬಳಸಿರ್ತೀರಲ್ಲ? ಮೇಲೆ ಒಂದು ಸೆಲ್‌ನಲ್ಲಿ ಅಂಕಿ ಬದಲಿಸಿದ್ರೆ ಕೆಳಗಿನ ಮೊತ್ತ ತಾನೇ ಬದಲಾಗತ್ತೆ. ಆ ಲೆಕ್ಕ ಮಾಡೋ ಎಂಜಿನ್ 2006ರಲ್ಲಿ ಶುರುವಾದಾಗ ಅದನ್ನ ಬರೆದಿದ್ದು ಜಾವಾದಲ್ಲಿ. ಲೆಕ್ಕವೆಲ್ಲ ಗೂಗಲ್‌ನ ಸರ್ವರ್‌ನಲ್ಲಿ ಆಗ್ತಿತ್ತು. 2013ರಿಂದ ಅದು ನಿಮ್ಮ ಬ್ರೌಸರ್ ಒಳಗೇ ಓಡೋಕೆ ಶುರುವಾಯ್ತು. ಆದರೆ ಬ್ರೌಸರ್‌ಗೆ ಗೊತ್ತಿರೋ ಭಾಷೆ ಜಾವಾಸ್ಕ್ರಿಪ್ಟ್. ಹೆಸರು ನೋಡಿ ಜಾವಾದ ತಮ್ಮ ಅಂದ್ಕೋಬೇಡಿ, ಸಂಬಂಧ ಅಷ್ಟಕ್ಕಷ್ಟೇ. ಇವೆರಡನ್ನ ಮಾತಾಡಿಸೋಕೆ ಪಟ್ಟ ಪಾಡು, ಅದರಲ್ಲೂ ಕಾಲ್‌ಬ್ಯಾಕ್ ಅನ್ನೋ ಒಂದು ಸಣ್ಣ ವಿಷಯ ಕೊಟ್ಟ ಕಾಟ, ಇವತ್ತಿನ ಕಥೆ.

ಕಾಲ್‌ಬ್ಯಾಕ್ ಅಂದ್ರೆ ಏನು? ಟೈಲರ್ ಅಂಗಡಿಯಲ್ಲಿ ಬಟ್ಟೆ ಕೊಟ್ಟು, "ಆದ್ಮೇಲೆ ಒಂದು ಮಿಸ್ಡ್ ಕಾಲ್ ಕೊಡಿ ಅಣ್ಣ" ಅಂತ ನಂಬರ್ ಬರೆಸಿ ಬರ್ತೀವಲ್ಲ, ಅದೇ. ಅಲ್ಲೇ ಕಾಯ್ತಾ ಕೂರಲ್ಲ. ಪ್ರೋಗ್ರಾಮ್‌ಗಳಲ್ಲಿ ನಂಬರ್ ಬದಲು ಒಂದು ಫಂಕ್ಷನ್ ಕೊಟ್ಟು ಬರ್ತಾರೆ. ಕೆಲಸ ಮುಗಿದಾಗ ಆ ಕಡೆಯವರು ಅದನ್ನ ಕರೀತಾರೆ.

2006ರ ಮೇ ತಿಂಗಳು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾವಾಒನ್ ಸಮ್ಮೇಳನ. ಅಲ್ಲಿ ಗೂಗಲ್ ಒಂದು ಹೊಸ ಸಾಧನ ಬಿಡುಗಡೆ ಮಾಡ್ತು: ಗೂಗಲ್ ವೆಬ್ ಟೂಲ್‌ಕಿಟ್, ಚಿಕ್ಕದಾಗಿ ಜಿಡಬ್ಲ್ಯೂಟಿ. ಹುಟ್ಟುಹಾಕಿದವರು ಬ್ರೂಸ್ ಜಾನ್ಸನ್ ಮತ್ತು ಜೋಯಲ್ ವೆಬರ್. ನೀವು ಜಾವಾದಲ್ಲಿ ಬರೀರಿ, ನಮ್ಮ ಕಂಪೈಲರ್ ಅದನ್ನ ಜಾವಾಸ್ಕ್ರಿಪ್ಟ್ ಮಾಡಿ ಕೊಡತ್ತೆ ಅನ್ನೋದು ಇದರ ಐಡಿಯಾ. ಆಗ ಒಂದೊಂದು ಬ್ರೌಸರ್‌ದೂ ಒಂದೊಂದು ವರಸೆ. ದೊಡ್ಡ ಟೀಮ್‌ಗಳಿಗೆ ಇದು ವರದಾನ ಅನ್ನಿಸಿದ್ರಲ್ಲಿ ಆಶ್ಚರ್ಯ ಇಲ್ಲ.

ತೊಂದರೆ ಶುರುವಾಗಿದ್ದು ಹೊರಗಿನವರ ಹತ್ತಿರ ವ್ಯವಹಾರ ಮಾಡೋವಾಗ. ಗೂಗಲ್ ಮ್ಯಾಪ್ಸ್ ಲೈಬ್ರರಿಯನ್ನೇ ತಗೊಳ್ಳಿ, ಅದು ಅಪ್ಪಟ ಜಾವಾಸ್ಕ್ರಿಪ್ಟ್. ಮ್ಯಾಪ್ ತೋರಿಸು ಅಂತ ಹೇಳೋದು ಸುಲಭ. "ಯಾರಾದ್ರೂ ಕ್ಲಿಕ್ ಮಾಡಿದ್ರೆ ನನಗೆ ಹೇಳು" ಅನ್ನೋಕೆ ಜಾವಾ ಕಡೆಯ ಫಂಕ್ಷನ್ ಒಂದನ್ನ ಅದರ ಕೈಗೆ ಕೊಡಬೇಕು. ಆದರೆ ಕಂಪೈಲರ್ ಏನ್ ಮಾಡತ್ತೆ ಗೊತ್ತಾ? ಫೈಲ್ ಚಿಕ್ಕದಾಗಲಿ ಅಂತ ಉದ್ದ ಹೆಸರುಗಳನ್ನೆಲ್ಲ ಒಂದೆರಡು ಅಕ್ಷರಕ್ಕೆ ಕತ್ತರಿಸತ್ತೆ, ಯಾರೂ ಕರೆಯದ ಫಂಕ್ಷನ್ ಕಂಡ್ರೆ ಕಿತ್ತೇ ಹಾಕತ್ತೆ. ಟೈಲರ್‌ಗೆ ನಂಬರ್ ಕೊಟ್ಟು ಮನೆಗೆ ಬಂದು ಸಿಮ್ ಬದಲಿಸಿದ ಹಾಗೆ.

ಇದಕ್ಕೆ ಅವರು ಹುಡುಕಿದ ಉಪಾಯದ ಹೆಸರು ಜೆಎಸ್‌ಎನ್‌ಐ. ಜಾವಾದಲ್ಲಿ 'ನೇಟಿವ್' ಅನ್ನೋ ಪದ ಮೊದಲಿಂದ ಇತ್ತು, ಸಿ ಭಾಷೆಯ ಕೋಡ್ ಕರೆಯೋಕೆ. ಆ ಪದವನ್ನೇ ಎರವಲು ತಗೊಂಡು, ಜಾವಾಸ್ಕ್ರಿಪ್ಟನ್ನ ಜಾವಾ ಫೈಲ್‌ನ ಕಾಮೆಂಟ್ ಒಳಗೆ ಬಚ್ಚಿಟ್ರು. ಮಾಮೂಲಿ ಜಾವಾ ಕಂಪೈಲರ್‌ಗೆ ಅದು ಬರೀ ಟಿಪ್ಪಣಿ, ಓದದೆ ದಾಟಿ ಹೋಗತ್ತೆ. ಜಿಡಬ್ಲ್ಯೂಟಿ ಕಂಪೈಲರ್‌ಗೆ ಮಾತ್ರ ಅದೇ ಕೋಡ್. ಅದರೊಳಗೆ ಜಾವಾ ಫಂಕ್ಷನ್ ಕರೀಬೇಕಾದ್ರೆ 'ಅಟ್' ಗುರುತು ಹಾಕಿ, ಪ್ಯಾಕೇಜ್, ಕ್ಲಾಸ್, ಮೆಥಡ್, ಅದು ತಗೊಳ್ಳೋ ಮೌಲ್ಯಗಳ ವಿಧ, ಎಲ್ಲಾ ಬಿಡಿಸಿ ಬರೀಬೇಕು. ಸರ್ಕಾರಿ ಅರ್ಜಿಯಲ್ಲಿ ತಾಲೂಕು, ಹೋಬಳಿ, ಗ್ರಾಮ ಅಂತ ತುಂಬಿಸ್ತೀವಲ್ಲ, ಹಾಗೆ. ಹೆಸರು ಕತ್ತರಿಸೋವಾಗ ಕಂಪೈಲರ್ ಈ ವಿಳಾಸವನ್ನೂ ತಾನೇ ತಿದ್ದತ್ತೆ, ಆ ಫಂಕ್ಷನ್ನ ಕಿತ್ತೂ ಹಾಕಲ್ಲ. ನೋಡೋಕೆ ವಿಕಾರ, ಆದರೆ ಜಾಣತನ ಒಪ್ಪಲೇಬೇಕು.

ಕಾಟ ಅಲ್ಲಿಗೆ ನಿಲ್ಲಲಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ 'ದಿಸ್' ಅಂದ್ರೆ ಯಾರು ಅನ್ನೋದು ಕರೆಯೋರ ಮೇಲೆ ನಿಂತಿದೆ. ಟೈಲರ್ ಫೋನ್ ಮಾಡ್ತಾನೆ, ಯಾರ ಬಟ್ಟೆ ಅನ್ನೋದೇ ಮರೆತಿರ್ತಾನೆ! ಅದಕ್ಕೆ ಮೊದಲೇ 'ದಟ್' ಅಂತ ಇನ್ನೊಂದು ಹೆಸರಲ್ಲಿ ಎತ್ತಿಡೋದು ರೂಢಿ ಆಯ್ತು. ಇದಕ್ಕಿಂತ ಅಪಾಯದ್ದು ಇನ್ನೊಂದು. ಹೊರಗಿಂದ ಬಂದ ಕರೆಯಲ್ಲಿ ಜಾವಾ ಕೋಡ್ ಎಡವಿದ್ರೆ, ಆ ತಪ್ಪು ಆಪ್‌ನ ಎರರ್ ವ್ಯವಸ್ಥೆಗೆ ತಲುಪದೆ ನೇರ ಬ್ರೌಸರ್‌ಗೆ ಹೋಗಿಬಿಡ್ತಿತ್ತು. ಬಳಕೆದಾರ ಬಟನ್ ಒತ್ತುತಾನೆ, ಏನೂ ಆಗಲ್ಲ, ಕಂಪನಿಯ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಕಾಲ್‌ಬ್ಯಾಕ್ ಸುತ್ತ 'ಡಾಲರ್ ಎಂಟ್ರಿ' ಅನ್ನೋ ಹೊದಿಕೆ ಹಾಕೋ ಪದ್ಧತಿ ಬಂದಿದ್ದು ಇದಕ್ಕೇ.

ನಾನು ಓದಿದ್ದು ಕಾಮರ್ಸ್, ಹಾಗಾಗಿ ನನಗೆ ಹೆಚ್ಚು ಹಿಡಿಸಿದ್ದು ಅಂಕಿಗಳ ವಿಷಯ. ಜಾವಾದ 'ಲಾಂಗ್' ಅನ್ನೋ ಪೂರ್ಣಾಂಕಕ್ಕೆ 64 ಬಿಟ್ ಜಾಗ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ನಂಬರ್ 9007199254740992 ದಾಟಿದ ಮೇಲೆ ಪಕ್ಕಪಕ್ಕದ ಅಂಕಿಗಳನ್ನ ಬೇರೆಬೇರೆ ಅಂತ ಗುರುತಿಸಲ್ಲ. ಪೈಸೆಯಲ್ಲಿ ಲೆಕ್ಕ ಹಾಕಿದ್ರೆ ಇದು ಸುಮಾರು 90 ಲಕ್ಷ ಕೋಟಿ ರೂಪಾಯಿ, ನಮ್ಮ ಖಾತೆಗೆ ಅಪಾಯ ಇಲ್ಲ ಬಿಡಿ. ಆದರೆ ಉದ್ದುದ್ದ ಐಡಿ ನಂಬರ್‌ಗಳಿಗೆ ಇದೆ: ಕೊನೆಯ ಅಂಕಿ ಬದಲಾದ್ರೆ ಬೇರೆಯವರ ದಾಖಲೆ ತೆರೆದುಕೊಳ್ಳಬಹುದು. ಅದಕ್ಕೇ ಜೆಎಸ್‌ಎನ್‌ಐ ಗಡಿಯಲ್ಲಿ ಲಾಂಗ್ ದಾಟಿಸೋಕೆ ಹೋದ್ರೆ ಕಂಪೈಲರ್ ತಡೀತಿತ್ತು. ಬೇಕೇ ಬೇಕು ಅಂದ್ರೆ 'ಅನ್‌ಸೇಫ್' ಅಂತ ನೀವೇ ಬರೆದುಕೊಡಬೇಕಿತ್ತು.

2012ರಲ್ಲಿ ಗೂಗಲ್ ಈ ಯೋಜನೆಯ ಉಸ್ತುವಾರಿಯನ್ನ ಹಲವು ಕಂಪನಿಗಳಿದ್ದ ಸಮಿತಿಗೆ ವಹಿಸ್ತು. 2014ರಲ್ಲಿ ಜಾವಾ 8 ಬಂತು, ಅದರ ಜೊತೆ ಲ್ಯಾಂಬ್ಡಾ, ಅಂದ್ರೆ ಒಂದೇ ಸಾಲಿನಲ್ಲಿ ಬರೀಬಹುದಾದ ಹೆಸರಿಲ್ಲದ ಫಂಕ್ಷನ್. 2016ರ ಜಿಡಬ್ಲ್ಯೂಟಿ 2.8ರಲ್ಲಿ ಜೆಎಸ್‌ಇಂಟರಾಪ್ ಅನ್ನೋ ಹೊಸ ದಾರಿ ಗಟ್ಟಿಯಾಯ್ತು. ಒಂದೇ ಮೆಥಡ್ ಇರೋ ಇಂಟರ್‌ಫೇಸ್ ಮೇಲೆ 'ಜೆಎಸ್‌ಫಂಕ್ಷನ್' ಅಂತ ಒಂದು ಗುರುತು ಹಾಕಿದ್ರೆ ಸಾಕು, ಲ್ಯಾಂಬ್ಡಾ ನೇರವಾಗಿ ಜಾವಾಸ್ಕ್ರಿಪ್ಟ್ ಫಂಕ್ಷನ್ ಆಗಿ ಹೋಗತ್ತೆ. ಅರ್ಜಿ ತುಂಬಿಸೋ ಕೆಲಸ ಮುಗೀತು.

ಎಲ್ಲರಿಗೂ ಅಲ್ಲ. ಗೂಗಲ್‌ನ ಮುಂದಿನ ಕಂಪೈಲರ್ ಜೆ2ಸಿಎಲ್, ಜೆಎಸ್‌ಎನ್‌ಐಯನ್ನ ಕೈಬಿಡ್ತು. ಹಳೆ ದಾರಿಯಲ್ಲಿ ಸಾವಿರಾರು ಸಾಲು ಬರೆದಿಟ್ಟವರಿಗೆ ಎರಡೇ ಆಯ್ಕೆ: ಒಂದೊಂದೇ ಬಿಡಿಸಿ ಹೊಸದಾಗಿ ಬರೆಯೋದು, ಇಲ್ಲಾ ಹಳೆ ಸಾಧನದಲ್ಲೇ ಉಳಿಯೋದು. ಕಾಮೆಂಟ್‌ನಲ್ಲಿ ಬಚ್ಚಿಟ್ಟ ಕೋಡ್‌ಗೆ ಜಾವಾ ಕಡೆಯ ಯಾವ ಭರವಸೆಯೂ ಇರಲಿಲ್ಲ ಅನ್ನೋದು ನಿಜ, ಆದರೆ ಆ ದಾರಿ ತೋರಿಸಿದವರೇ ಅದನ್ನ ಮುಚ್ಚಿದ್ದು ನನಗೆ ಸ್ವಲ್ಪ ಕಠಿಣ ಅನ್ಸತ್ತೆ.

ಶೀಟ್ಸ್ ಎಂಜಿನ್ ಕೂಡ ಜಿಡಬ್ಲ್ಯೂಟಿ ಬಿಟ್ಟು ಜೆ2ಸಿಎಲ್‌ಗೆ ಹೋಯ್ತು. ಈಗ ಅದನ್ನೂ ದಾಟಿ ವೆಬ್‌ಅಸೆಂಬ್ಲಿಗೆ ಬಂದಿದೆ. 2024ರಲ್ಲಿ ಗೂಗಲ್ ಕೊಟ್ಟ ವಿವರದ ಪ್ರಕಾರ ಮೊದಲ ಪ್ರಯತ್ನ ಜಾವಾಸ್ಕ್ರಿಪ್ಟ್‌ಗಿಂತ ನಿಧಾನವಾಗಿತ್ತು, ತಿದ್ದಿ ತೀಡಿದ ಮೇಲೆ ಅದರ ಎರಡು ಪಟ್ಟು ವೇಗ ಬಂತು. ಆ ತಿದ್ದುಪಡಿಗಳಲ್ಲಿ ಒಂದು ಏನಪ್ಪಾ ಅಂದ್ರೆ, ಪಠ್ಯದಲ್ಲಿ ಮಾದರಿ ಹುಡುಕೋ ಕೆಲಸವನ್ನ ತಾನೇ ಮಾಡೋದು ಬಿಟ್ಟು, ಗಡಿ ದಾಟಿ ಬ್ರೌಸರ್‌ನ ಸ್ವಂತ ಸೌಲಭ್ಯಕ್ಕೆ ಕಾಲ್ ಮಾಡಿದ್ದು.