ಮಲೆನಾಡಿನ ಆಡುನುಡಿ: ‘ಹೊಳವು’, ‘ಹಕ್ಕಲು’, ‘ಸಂಕ’

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಹಾಗೂ ನರಸಿಂಹರಾಜಪುರ ತಾಲ್ಲೂಕುಗಳ ಕನ್ನಡವನ್ನು ಬಯಲುಸೀಮೆಯವರು ಮೊದಲು ಗುರುತಿಸುವುದು ‘ಎಂತ’ ಮತ್ತು ‘ಮಾರಾಯ’ ಎಂಬ ಎರಡು ಪದಗಳಿಂದ. ‘ಏನು’ ಎಂಬಲ್ಲಿ ‘ಎಂತ’, ‘ಯಾಕೆ’ ಎಂಬಲ್ಲಿ ‘ಎಂತಕ್ಕೆ’. ಘಟ್ಟದ ಕೆಳಗಿನ ಕರಾವಳಿಯಲ್ಲೂ ಇವು ಬಳಕೆಯಲ್ಲಿವೆ. ‘ಮಾರಾಯ’ ಎಂಬುದು ‘ಮಹಾರಾಯ’ದ ಸವೆದ ರೂಪ. ಹೆಂಗಸರಿಗೆ ‘ಮಾರಾಯ್ತಿ’, ಮರ್ಯಾದೆ ಸಲ್ಲಬೇಕಾದಲ್ಲಿ ‘ಮಾರಾಯ್ರೆ’. ಅರಸರ ಬಿರುದು ಹೀಗೆ ಅಡಿಕೆ ಸುಲಿಯುವ ಚಪ್ಪರದವರೆಗೂ ಇಳಿದು ಬಂದಿದೆ.

ಆದರೆ ಈ ನುಡಿಯ ನಿಜವಾದ ಸಂಪತ್ತು ಇರುವುದು ಮಳೆ, ತೋಟ ಮತ್ತು ನೆಲಕ್ಕೆ ಸಂಬಂಧಿಸಿದ ಪದಗಳಲ್ಲಿ. ಬಿಡದೆ ಸುರಿಯುವ ಮಳೆ ನಡುವೆ ಕೊಂಚ ಬಿಡುವು ಕೊಟ್ಟರೆ ಅದು ‘ಹೊಳವು’. ಕೊಳೆರೋಗ ತಡೆಯಲು ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯಬೇಕಾದ ಬೆಳೆಗಾರನಿಗೆ ಹೊಳವು ಸಿಕ್ಕಿತೇ ಇಲ್ಲವೇ ಎಂಬುದು ಇಡೀ ವರ್ಷದ ಆದಾಯದ ಪ್ರಶ್ನೆ. ಔಷಧಿ ಬರುವ ಮೊದಲು ಗೊನೆಗೆ ಹುಲ್ಲಿನ ಹೊದಿಕೆ ಹೊದಿಸುತ್ತಿದ್ದರು. ಅದಕ್ಕೆ ‘ಕೊಟ್ಟೆ ಕಟ್ಟುವುದು’ ಎಂದು ಹೆಸರು. ಈಗ ಅಂಗಡಿಯ ಪ್ಲಾಸ್ಟಿಕ್ ಚೀಲವೂ ಇಲ್ಲಿನವರ ಬಾಯಲ್ಲಿ ‘ಕೊಟ್ಟೆ’ಯೇ. ಮಾರುಕಟ್ಟೆಯಲ್ಲಿ ‘ಹಸ’ ಎಂದರೆ ಮೇಲಿನ ದರ್ಜೆಯ ಕೆಂಪಡಿಕೆ, ‘ಗೊರಬಲು’ ಕೆಳಗಿನದು. ಧಾರಣೆ ಪಟ್ಟಿ ಓದಲು ಈ ಪದಗಳು ತಿಳಿದಿರಲೇಬೇಕು.

ಒಂದೇ ಪದ ಊರು ಬದಲಾದಂತೆ ಅರ್ಥ ಬದಲಿಸುವುದೂ ಉಂಟು. ಬಯಲುಸೀಮೆಯಲ್ಲಿ ‘ಹಕ್ಕಲು’ ಎಂದರೆ ಕೊಯ್ಲಿನ ನಂತರ ಹೊಲದಲ್ಲಿ ಉಳಿದ ತೆನೆ, ಕಾಳು. ಮಲೆನಾಡಿನಲ್ಲಿ ಹುಲ್ಲು, ಕುರುಚಲು ಬೆಳೆದ ತೆರೆದ ಜಾಗ. ಹಲವು ದೇಶಗಳಿಗೆ ಹರಡಿದ ಸ್ಪ್ಯಾನಿಷ್ ಭಾಷೆಯಲ್ಲೂ ಇದೇ ಕಥೆ: ಮೆಕ್ಸಿಕೊದಲ್ಲಿ ಬಸ್ಸಿಗೂ ಸಲ್ಲುವ ‘ಕಾಮಿಯೋನ್’ ಎಂಬ ಪದಕ್ಕೆ ಸ್ಪೇನ್‌ನಲ್ಲಿ ಲಾರಿ ಎಂದಷ್ಟೇ ಅರ್ಥ.

ನೆಲದ ಪದಗಳಲ್ಲಿ ಅರ್ಥ ತಪ್ಪಿದರೆ ಹಕ್ಕೂ ತಪ್ಪೀತು. ‘ಕಾನು’ ಎಂದರೆ ದಟ್ಟ ನಿತ್ಯಹರಿದ್ವರ್ಣದ ಕಾಡು. ‘ಸೊಪ್ಪಿನಬೆಟ್ಟ’ ಎಂದರೆ ಕೊಟ್ಟಿಗೆಗೆ ಹಾಸಲು, ತೋಟಕ್ಕೆ ಗೊಬ್ಬರ ಮಾಡಲು ಸೊಪ್ಪು ತರುವ ಗುಡ್ಡ. ಹೊರಗಿನವರಿಗೆ ಎರಡೂ ‘ಕಾಡು’. ಆದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಹಳೆ ಮೈಸೂರು ಪ್ರದೇಶದ ಕಾನು ಮತ್ತು ಸೊಪ್ಪಿನಬೆಟ್ಟಗಳ ಮೇಲಿನ ಸವಲತ್ತುಗಳನ್ನು ಆ ಹೆಸರುಗಳಿಂದಲೇ ಉಲ್ಲೇಖಿಸಿದೆ. ರೈತನ ಬಾಯಿಮಾತು ಇಲ್ಲಿ ಕಾನೂನಿನ ಪರಿಭಾಷೆ. ಇದನ್ನು ಗ್ರಾಮ್ಯವೆಂದು ತಿದ್ದಹೊರಡುವವರು ಒಮ್ಮೆ ಆ ಕಲಮನ್ನು ಓದುವುದು ಒಳ್ಳೆಯದು.

ಸಾಹಿತ್ಯದಲ್ಲಿ ಈ ನುಡಿಗೆ ದೊಡ್ಡ ಆಸರೆ ಕುವೆಂಪು. ಅವರು 1904ರಲ್ಲಿ ಹುಟ್ಟಿದ್ದು ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಪಾತ್ರಗಳು ಆಡುವುದು ಇದೇ ಮಲೆನಾಡಿನ ಮಾತನ್ನು. ‘ಉಂಬಳ’ ಎಂದರೆ ಜಿಗಣೆಯೆಂದು ಅರಿಯದವರಿಗೆ ಮಲೆನಾಡಿನ ಕಾಡುದಾರಿಯೂ ಕಷ್ಟ, ಈ ಕಾದಂಬರಿಯೂ ಕಷ್ಟ.

ಇನ್ನು ‘ಸಂಕ’. ಹಳ್ಳಕ್ಕೆ ಅಡ್ಡಲಾಗಿ ಮರದ ದಿಮ್ಮಿಯನ್ನೋ ಅಡಿಕೆ ದಬ್ಬೆಯನ್ನೋ ಹಾಕಿದ ಕಾಲುದಾರಿ ಇದು. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುವ ಸಂಕ ದಾಟಿ ಶಾಲೆಗೆ ಹೋಗುವ ಮಕ್ಕಳ ಸುದ್ದಿ ಈ ಭಾಗದಿಂದ ಮತ್ತೆ ಮತ್ತೆ ಬಂದಿದೆ. ಇಂಥ ಕಡೆಗಳಲ್ಲಿ ಕಿರುಸೇತುವೆ ಕಟ್ಟುವ ಸರ್ಕಾರಿ ಯೋಜನೆಗೆ ಇಟ್ಟ ಹೆಸರು ‘ಶಾಲಾ ಸಂಪರ್ಕ ಸೇತು’. ಸಂಕವೂ ಸಂಸ್ಕೃತ ಮೂಲದ್ದೇ. ಸೇತುವೆ ಎಂಬ ಅರ್ಥದ ‘ಸಂಕ್ರಮ’ದ ತದ್ಭವ. ಕಡತದಲ್ಲಿ ‘ಸೇತು’ ಎಂದು ಬರೆದುಕೊಂಡರೂ, ಮನೆಯಲ್ಲಿ ಮಕ್ಕಳಿಗೆ ಹೇಳುವ ಎಚ್ಚರಿಕೆ ಇಂದಿಗೂ ಒಂದೇ: ‘ಸಂಕದ ಮೇಲೆ ಓಡ್ಬೇಡ ಮಾರಾಯ.’