ಎನಾಮೆಲ್ ಕಟ್ಟುವ ಕೋಶದೊಳಗಿನ ಕಂಬಗಳು

ಕಳೆದ ತಿಂಗಳು ಅಡಿಕೆ ಕಡಿಯುವಾಗ ನನ್ನ ಹಲ್ಲಿನಿಂದ ಒಂದು ಚಕ್ಕೆ ಎದ್ದು ಬಂತು. 'ಎನಾಮೆಲ್ ಮತ್ತೆ ಬೆಳೆಯಲ್ಲ ಸರ್' ಅಂದ್ರು ಡಾಕ್ಟರು. ಮುರಿದ ಮೂಳೆ ಕೂಡುತ್ತೆ, ಎನಾಮೆಲ್ ಯಾಕಿಲ್ಲ? ಅದನ್ನ ಹುಡುಕಿ ಹೊರಟಾಗ ಸಿಕ್ಕಿದ್ದೇ ಇವತ್ತಿನ ಕಥೆ.

ಎನಾಮೆಲ್ ಕಟ್ಟುವುದು ಅಮೆಲೋಬ್ಲಾಸ್ಟ್ ಎಂಬ ಜೀವಕೋಶಗಳು. ಮೊದಲು ಗಿಡ್ಡಗಿರುವ ಇವು ಕೆಲಸದ ಹೊತ್ತಿಗೆ ಕಂಬದ ಹಾಗೆ ಉದ್ದವಾಗಿ, ಒಂದು ತುದಿಯಿಂದ ಪ್ರೋಟೀನ್ ಸುರಿಸುತ್ತವೆ. ಖನಿಜ ಗಟ್ಟಿಯಾಗೋದು ಅಲ್ಲೇ. 19ನೇ ಶತಮಾನದ ವಿಜ್ಞಾನಿಗಳು ಈ ಆಕಾರ ಕಂಡಿದ್ದರು. ಅದನ್ನು ನೆಟ್ಟಗೆ ನಿಲ್ಲಿಸಿದ್ದೇನು ಅನ್ನೋದು ಕಾಣಲಿಲ್ಲ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೂ ತೊಡಕು ತಪ್ಪಲಿಲ್ಲ. ಕೋಶ ಕೆಡದಂತೆ ಇಡಲು ಬಳಸುತ್ತಿದ್ದ ಆಸ್ಮಿಯಂ ದ್ರಾವಣದಲ್ಲಿ ಒಳಗಿನ ಸೂಕ್ಷ್ಮನಳಿಕೆಗಳು ಬಹುಪಾಲು ಅಳಿದುಹೋಗುತ್ತಿದ್ದವು. 1963ರಲ್ಲಿ ಗ್ಲುಟರಾಲ್ಡಿಹೈಡ್ ಬಳಕೆಗೆ ಬಂತು. ಅದೇ ವರ್ಷ ಲೆಡ್‌ಬೆಟರ್ ಮತ್ತು ಕೀತ್ ಪೋರ್ಟರ್ ಸಸ್ಯಕೋಶದ ಸೂಕ್ಷ್ಮನಳಿಕೆಗಳನ್ನು ವಿವರಿಸಿದರು. ಅವು ಟ್ಯೂಬ್ಯುಲಿನ್ ಎಂಬ ಪ್ರೋಟೀನಿನಿಂದ ಆದವು.

1970ರ ದಶಕದಲ್ಲಿ ಹಲ್ಲಿನ ಸಂಶೋಧಕರು ಇಲಿಗಳಿಗೆ ಕಾಲ್ಚಿಸಿನ್ ಕೊಟ್ಟು ನೋಡಿದರು. ಇಲಿಯ ಬಾಚಿಹಲ್ಲು ಸಾಯೋವರೆಗೂ ಬೆಳೆಯುತ್ತೆ, ಹಾಗಾಗಿ ಎನಾಮೆಲ್‌ನ ಎಲ್ಲ ಹಂತವೂ ಒಂದೇ ಹಲ್ಲಲ್ಲಿ ಸಿಗುತ್ತೆ. ಕಾಲ್ಚಿಸಿನ್ ಟ್ಯೂಬ್ಯುಲಿನ್‌ಗೆ ಅಂಟಿಕೊಂಡು ನಳಿಕೆ ಕಟ್ಟಲು ಬಿಡಲ್ಲ. ಆಗ ಕೋಶದ ಪ್ರೋಟೀನ್ ತುದಿಗೆ ಸರಿಯಾಗಿ ತಲುಪಲೇ ಇಲ್ಲ. ಕೋಶವನ್ನು ನಿಲ್ಲಿಸೋ ಕಂಬಗಳೇ ಸಾಮಾನು ಸಾಗಿಸೋ ಹಳಿಗಳೂ ಹೌದು ಅಂತ ಗೊತ್ತಾಯ್ತು.

ನನ್ನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ನಮ್ಮ ಹಲ್ಲು ಒಸಡು ಸೀಳಿ ಹೊರಬರುವಷ್ಟರಲ್ಲಿ ಅಮೆಲೋಬ್ಲಾಸ್ಟ್‌ಗಳು ಕೆಲಸ ಮುಗಿಸಿ ಇಲ್ಲವಾಗುತ್ತವೆ. ಕಟ್ಟಿದವರೇ ಇಲ್ಲದ ಮೇಲೆ ರಿಪೇರಿ ಯಾರು ಮಾಡ್ಬೇಕು? ಇರೋದನ್ನ ಉಳಿಸ್ಕೊಳ್ಳೋಣ.