ನ್ಯೂಕ್ಲಿಯಸ್: ತಿರುಳಿನೊಳಗೊಂದು ತಿರುಳು

ಲ್ಯಾಟಿನ್ನಿನಲ್ಲಿ 'ನುಕ್ಸ್' ಎಂದರೆ ಅಕ್ರೋಟಿನಂಥ ಗಟ್ಟಿ ಚಿಪ್ಪಿನ ಕಾಯಿ. ಒಡೆದರೆ ಸಿಗುವ ತಿರುಳು 'ನ್ಯೂಕ್ಲಿಯಸ್'. ತಿನ್ನುವ ಪದಾರ್ಥದ ಈ ಹೆಸರನ್ನು ವಿಜ್ಞಾನ ಮತ್ತೆ ಮತ್ತೆ ಕಡ ಪಡೆಯಿತು. ಧೂಮಕೇತುವಿನ ತಲೆಯ ನಡುಭಾಗಕ್ಕೆ ಅದು ಹೆಸರಾಯಿತು. ಆರ್ಕಿಡ್ ಗಿಡದ ಜೀವಕೋಶಗಳಲ್ಲಿ ಕಂಡ ದುಂಡನೆಯ ಕಾಯಕ್ಕೆ 1831ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಅದನ್ನೇ ಇಟ್ಟರು. ಪರಮಾಣುವಿನ ಸರದಿ ಬಂದದ್ದು ಆಮೇಲೆ. 1911ರ ಪ್ರಬಂಧದಲ್ಲಿ 'ಕೇಂದ್ರದ ವಿದ್ಯುದಂಶ' ಎಂದು ಬರೆದಿದ್ದ ಅರ್ನೆಸ್ಟ್ ರುದರ್‌ಫರ್ಡ್, ಮರುವರ್ಷ 'ನ್ಯೂಕ್ಲಿಯಸ್' ಎಂದರು.

ಕನ್ನಡಕ್ಕೆ ಬರುವಾಗ ದಾರಿ ಕವಲೊಡೆಯಿತು. ಜೀವಶಾಸ್ತ್ರದವರ 'ಕೋಶಕೇಂದ್ರ'ದಲ್ಲಿ ಕಾಯಿಯೂ ಉಳಿಯಲಿಲ್ಲ, ತಿರುಳೂ ಉಳಿಯಲಿಲ್ಲ. ಭೌತಶಾಸ್ತ್ರದವರು ಬೀಜವನ್ನು ಹಿಡಿದು 'ಬೀಜಕೇಂದ್ರ', 'ಬೈಜಿಕ ವಿದಳನ' ಎಂದು ಬೆಳೆಸಿದರು. ಬೀಜಗಣಿತ, ಬೀಜಮಂತ್ರಗಳಲ್ಲಿರುವ 'ಮೂಲ'ದ ಅರ್ಥವೂ ಹೀಗೆ ಜೊತೆಗೂಡಿತು. ಪತ್ರಿಕೆಗಳಿಗೆ ಮಾತ್ರ ಇಂದಿಗೂ 'ಅಣುಸ್ಥಾವರ'ವೇ ಸಲೀಸು.

1932ರಲ್ಲಿ ಜೇಮ್ಸ್ ಚಾಡ್ವಿಕ್ ನ್ಯೂಟ್ರಾನನ್ನು ಪತ್ತೆಹಚ್ಚಿದ ಮೇಲೆ ಪ್ರೋಟಾನಿಗೂ ಅದಕ್ಕೂ ಒಂದು ಮನೆತನದ ಹೆಸರು ಬೇಕಾಯಿತು. ಹಳೆಯ ಪದಕ್ಕೆ 'ಆನ್' ಬಾಲ ಅಂಟಿ 'ನ್ಯೂಕ್ಲಿಯಾನ್' ಹುಟ್ಟಿತು. ಆದರೆ ಈ ತಿರುಳಿನೊಳಗೂ ಇನ್ನೊಂದು ತಿರುಳಿತ್ತು. 1950ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ರಾಬರ್ಟ್ ಹಾಫ್‌ಸ್ಟಾಟರ್ ಪ್ರೋಟಾನುಗಳತ್ತ ಎಲೆಕ್ಟ್ರಾನುಗಳನ್ನು ಚಿಮ್ಮಿಸಿ, ಪ್ರೋಟಾನ್ ಬರಿಯ ಬಿಂದುವಲ್ಲ, ಅದಕ್ಕೆ ಗಾತ್ರವಿದೆ ಎಂದು ತೋರಿಸಿದರು. 1968ರ ಹೊತ್ತಿಗೆ ಅಲ್ಲಿಯೇ, ಸುಮಾರು 3 ಕಿ.ಮೀ. ಉದ್ದದ ವೇಗವರ್ಧಕದಲ್ಲಿ, ಪ್ರೋಟಾನಿನೊಳಗಿನ ಕ್ವಾರ್ಕ್ ಎಂಬ ಕಣಗಳ ಸುಳಿವು ಸಿಕ್ಕಿತು. ಪ್ರೋಟಾನಿನ ಮೂರು ಕ್ವಾರ್ಕ್‌ಗಳ ಸ್ವಂತ ದ್ರವ್ಯರಾಶಿ ಕೂಡಿಸಿದರೂ ಒಟ್ಟಿನಲ್ಲಿ ಶೇ. 1ರಷ್ಟೇ, ಮಿಕ್ಕದ್ದರ ಬಹುಪಾಲು ಅವುಗಳ ಓಡಾಟದ, ಅವನ್ನು ಕಟ್ಟಿಹಿಡಿದ ಗ್ಲುವಾನುಗಳ ಶಕ್ತಿ.

'ನ್ಯೂಕ್ಲಿಯಾನ್' ಪದಕ್ಕೆ ಈಗ ಇನ್ನೊಂದು ಕೆಲಸ ಬಿದ್ದಿದೆ. ವಿಶ್ವದಲ್ಲಿ ನಮಗೆ ಗೊತ್ತಿರುವ ದ್ರವ್ಯದ ಸುಮಾರು ಐದು ಪಟ್ಟು ಇರುವ ಡಾರ್ಕ್ ಮ್ಯಾಟರ್, ಅಂದರೆ ಕಪ್ಪುದ್ರವ್ಯದ ಕಣವೊಂದು ಬೀಜಕೇಂದ್ರಕ್ಕೆ ಬಡಿದು ಅದನ್ನು ತುಸುವಾದರೂ ಅಲುಗಿಸೀತೆಂದು ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿ ದ್ರವ ಕ್ಸೆನಾನಿನ ತೊಟ್ಟಿ ಇಟ್ಟು ವಿಜ್ಞಾನಿಗಳು ಕಾಯುತ್ತಿದ್ದಾರೆ. ಅಂಥ ಬಡಿತ ಇನ್ನೂ ಖಚಿತವಾಗಿಲ್ಲ. ಬಡಿಯುವ ಸಾಧ್ಯತೆಯ ಮೇಲ್ಮಿತಿಯನ್ನು 'ನ್ಯೂಕ್ಲಿಯಾನೊಂದಕ್ಕೆ ಇಷ್ಟು' ಎಂದೇ ಲೆಕ್ಕ ಒಪ್ಪಿಸುವುದು ರೂಢಿ. ಆ ಅಂಕಿಯನ್ನು ಸಿದ್ಧಾಂತಕ್ಕೆ ತಾಳೆ ನೋಡಲು ನ್ಯೂಕ್ಲಿಯಾನಿನೊಳಗೆ ಯಾವ ಕ್ವಾರ್ಕಿನ ಪಾಲೆಷ್ಟು ಎಂಬುದು ತಿಳಿದಿರಬೇಕು. ನ್ಯೂಕ್ಲಿಯಾನಿನ ರಚನೆಯನ್ನೇ ಓದುತ್ತಾ ಬಂದ ಭೌತವಿಜ್ಞಾನಿ ಕಪ್ಪುದ್ರವ್ಯದ ಬೆನ್ನುಹತ್ತಿದರೆ ಅಚ್ಚರಿಪಡಬೇಕಿಲ್ಲ. ಅವರ ಹಳೆಯ ವಿದ್ಯೆಯೇ ಹೊಸ ಹುಡುಕಾಟದ ಅಳತೆಗೋಲು.